ಭ್ರೂಣ, ಕಾಂಡಕೋಶ, ಚಿಕಿತ್ಸೆ: ಕೈಪತ್ರಕ್ಕೆ ಯಾವ ಪದ ಬಳಸೋಣ?

ಎಲ್ಲರಿಗೂ ನಮಸ್ಕಾರ.

ತೀರ್ಥಹಳ್ಳಿ, ಹೊಸನಗರದ ಕಡೆ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದವರ ಮನೆಗಳಿಗೆ ಹಂಚಲು ನಾವು ಕೆಲವರು ಸೇರಿ ಒಂದು ಕೈಪತ್ರ ಬರೆಯುತ್ತಿದ್ದೇವೆ. ಹಾಸಿಗೆ ಹುಣ್ಣು ಬಾರದ ಹಾಗೆ ನೋಡಿಕೊಳ್ಳುವುದು, ಮೂತ್ರದ ಪೈಪ್ ಶುಚಿಯಾಗಿಡುವುದು, ಪಿಂಚಣಿ ಅರ್ಜಿ ಇದೆಲ್ಲ ಬರೆದಾಯಿತು. ಸ್ಟೆಮ್ ಸೆಲ್ (ಕಾಂಡಕೋಶ, ಅಂದರೆ ದೇಹದ ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲ ಕೋಶ) ಪುಟದಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ. ಅದನ್ನು ಬಿಡುವ ಹಾಗೂ ಇಲ್ಲ, ಹೋದ ಮನೆಯಲ್ಲೆಲ್ಲ ಅದನ್ನೇ ಕೇಳುತ್ತಾರೆ.

ಕೊಳೆ ಔಷಧಿ ಹೊಡೆಯಲು ಮರ ಹತ್ತಿ ಬಿದ್ದ ಒಬ್ಬರ ಮನೆಗೆ ಹೋಗಿದ್ದೆ. ಬಿದ್ದು ಎರಡು ಮಳೆಗಾಲ ಕಳೆದಿದೆ. ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಅವರ ಮೊಬೈಲಿಗೆ ಯಾರೋ ಒಂದು ಜಾಹೀರಾತು ಕಳಿಸಿದ್ದರು. ಮೇಲೆ ದಪ್ಪಕ್ಷರದಲ್ಲಿ ‘ಭ್ರೂಣ ಕಾಂಡಕೋಶ ಚಿಕಿತ್ಸೆ’ ಅಂತ ಇತ್ತು, ಕೆಳಗೆ ನಡೆದಾಡುತ್ತಿರುವ ಮನುಷ್ಯನ ಚಿತ್ರ. ಅವರು ಅದರಲ್ಲಿ ಕಂಡದ್ದು ‘ಚಿಕಿತ್ಸೆ’ ಒಂದೇ. ತೋಟ ಅಡ ಇಟ್ಟಾದರೂ ಹೋಗೋಣ ಅನ್ನುತ್ತಿದ್ದರು. ಅವರ ತಾಯಿ ಕಾಂಡ ಅಂದದ್ದು ಕೇಳಿ, ಮರದ ಚಕ್ಕೆ ಔಷಧಿ ಇರಬೇಕು, ಪಥ್ಯ ಏನು ಅಂತ ಕೇಳಿದರು. ಹೆಂಡತಿ ಮಾತ್ರ ನನ್ನನ್ನು ಜಗಲಿಯ ತುದಿಗೆ ಕರೆದು ಮೆಲ್ಲಗೆ ಕೇಳಿದರು: “ಅಣ್ಣಾ, ಭ್ರೂಣ ಅಂತ ಬರ್ದಿದಾರಲ್ಲ, ಯಾರದೋ ಬಸಿರು ತೆಗ್ಸಿ ಇವ್ರಿಗೆ ಹಾಕ್ತಾರಾ? ಹಂಗಾದ್ರೆ ನಮಗೆ ಬ್ಯಾಡ.”

ಆ ಹೆಂಗಸಿನ ಪ್ರಶ್ನೆಗೆ ಕಾರಣ ಇದೆ. ನಮ್ಮ ಕಡೆ ‘ಭ್ರೂಣ’ ಅನ್ನುವ ಪದವನ್ನು ಜನ ನೋಡುವುದು ಸ್ಕ್ಯಾನಿಂಗ್ ಸೆಂಟರಿನ ಬೋರ್ಡಿನಲ್ಲಿ, ‘ಭ್ರೂಣಲಿಂಗ ಪತ್ತೆ ಅಪರಾಧ’ ಅಂತ. ಇಲ್ಲವೇ ಪೇಪರಿನಲ್ಲಿ ‘ಭ್ರೂಣಹತ್ಯೆ’ ಅಂತ. ಎರಡೂ ಕಡೆ ಅದು ಹೊಟ್ಟೆಯಲ್ಲಿ ಬೆಳೆಯುತ್ತಿರುವ ಮಗು. ಕಾನೂನಿನಲ್ಲಿ ಮಾತ್ರ ಎರಡು ಹೆಸರು ಇವೆ. ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆಯ ಪ್ರಕಾರ ಅಂಡ ಫಲಗೊಂಡಂದಿನಿಂದ 56 ದಿನದವರೆಗೆ ಎಂಬ್ರಿಯೊ, 57ನೇ ದಿನದಿಂದ ಹೆರಿಗೆವರೆಗೆ ಫೀಟಸ್. ಕನ್ನಡದಲ್ಲಿ ಎರಡಕ್ಕೂ ಭ್ರೂಣ ಅಂತಲೇ ಬರೆಯುತ್ತಿದ್ದೇವೆ.

ಆದರೆ ಭ್ರೂಣ ಕಾಂಡಕೋಶ ಅಂದಾಗ ಮಾತಾಡುತ್ತಿರುವುದು ಐದಾರು ದಿನದ ಕೋಶದ ಉಂಡೆಯ ಬಗ್ಗೆ. ನೂರು, ಇನ್ನೂರು ಕೋಶ ಇರಬಹುದು, ಬರಿಗಣ್ಣಿಗೆ ಒಂದು ಚುಕ್ಕಿ. ಅದು ಯಾವ ತಾಯಿಯ ಗರ್ಭಕ್ಕೂ ಸೇರಿರುವುದಿಲ್ಲ. ಮಕ್ಕಳಾಗಲಿ ಅಂತ ಪ್ರಯೋಗಾಲಯದಲ್ಲಿ ಫಲಗೊಳಿಸಿ, ಬಳಸದೆ ಉಳಿದದ್ದನ್ನು ದಂಪತಿ ಒಪ್ಪಿ ಬರೆದುಕೊಟ್ಟರೆ ಸಂಶೋಧನೆಗೆ ತೆಗೆದುಕೊಳ್ಳುತ್ತಾರೆ. ಉಂಡೆಯ ಒಳಗಿನ ಗುಂಪಿನಿಂದ ಕೋಶ ಬೇರ್ಪಡಿಸಿದರೆ ಉಂಡೆ ಉಳಿಯುವುದಿಲ್ಲ. ಇದನ್ನು ಮುಚ್ಚಿಡಬಾರದು. ಒಪ್ಪದವರಿಗೆ ಒಪ್ಪದಿರುವ ಹಕ್ಕು ಇದೆ. ಆದರೆ ಪ್ರತಿ ರೋಗಿಗೂ ಹೊಸ ಭ್ರೂಣ ಬೇಕು ಅನ್ನುವುದು ತಪ್ಪು ತಿಳುವಳಿಕೆ. ಒಮ್ಮೆ ಬೇರ್ಪಡಿಸಿದ ಕೋಶ ಸರಿಯಾಗಿ ಸಾಕಿದರೆ ವರ್ಷಗಟ್ಟಲೆ ಹೆಚ್ಚುತ್ತಲೇ ಹೋಗುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜೇಮ್ಸ್ ಥಾಮ್ಸನ್ 1998ರಲ್ಲಿ ಮೊದಲ ಬಾರಿಗೆ ಬೇರ್ಪಡಿಸಿದ ಕೋಶಗಳ ಸಂತತಿಯನ್ನು ಇವತ್ತಿಗೂ ಲ್ಯಾಬುಗಳಲ್ಲಿ ಬಳಸುತ್ತಾರೆ. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಕೇಂದ್ರದಲ್ಲೂ, ಗರ್ಭಕ್ಕೆ ಸೇರಿಸಲು ಯೋಗ್ಯವಲ್ಲ ಅಂತ ಬಿಟ್ಟವುಗಳಿಂದ ಇಂಥ ಎರಡು ಸಂತತಿ ಬೆಳೆಸಿದ್ದಾರೆ.

ಹಾಗಾದರೆ ಈ ಐದು ದಿನದ ಉಂಡೆಗೆ ಏನನ್ನೋಣ? ‘ಪಿಂಡ’ ಅಂದರೆ ನಮ್ಮ ಕಡೆ ತಿಥಿ ನೆನಪಾಗುತ್ತದೆ, ಬೇಡವೇ ಬೇಡ. ‘ಫಲಿತಾಂಡ’ ಪಾಠಪುಸ್ತಕದ ಮಾತು. ‘ಎಳೆಭ್ರೂಣ’ ಅಂದರೆ ಮರುಕ ಇನ್ನೂ ಜಾಸ್ತಿ ಆಗುತ್ತದೆ. ನನಗೆ ಸದ್ಯಕ್ಕೆ ಸರಿ ಕಂಡದ್ದು ‘ಗರ್ಭಕ್ಕೆ ಸೇರದ ಐದು ದಿನದ ಕೋಶದ ಉಂಡೆ’. ಉದ್ದ ಆಯಿತು ನಿಜ. ಆದರೆ ಓದಿದವರು ಇನ್ನೇನನ್ನೋ ಅಂದುಕೊಳ್ಳುವುದಿಲ್ಲ.

ಕಾಂಡಕೋಶದ ವಿಷಯ. 1868ರಲ್ಲಿ ಜರ್ಮನಿಯ ಎರ್ನ್ಸ್ಟ್ ಹೆಕೆಲ್ ‘ಷ್ಟಾಮ್‌ಟ್ಸೆಲ್ಲೆ’ ಅನ್ನುವ ಪದ ಬಳಸಿದ. ಎಲ್ಲ ಜೀವಿಗಳ ವಂಶಕ್ಕೂ ಮೂಲವಾದ ಒಂಟಿಕೋಶದ ಜೀವಿಗೆ ಅವನು ಕೊಟ್ಟ ಹೆಸರು ಅದು. ಷ್ಟಾಮ್ ಅಂದರೆ ಮರದ ಬೊಡ್ಡೆ, ಕುಲ ಅಂತಲೂ ಅರ್ಥ. ಇಂಗ್ಲಿಷಿಗೆ ಹೋದಾಗ ಅದು ಸ್ಟೆಮ್ ಆಯಿತು, ನಾವು ಅದನ್ನು ಕಾಂಡ ಮಾಡಿದೆವು. ಹೀಗೆ ವಂಶದ ಅರ್ಥ ದಾರಿಯಲ್ಲೇ ಉಳಿಯಿತು. ಕನ್ನಡದಲ್ಲಿ ‘ಬುಡ’ಕ್ಕೆ ಎರಡೂ ಅರ್ಥ ಇದೆ ಅಲ್ವಾ? ತೋಟದಲ್ಲಿ ಬುಡಕ್ಕೆ ಗೊಬ್ಬರ ಹಾಕುತ್ತೇವೆ, ಒಂದೇ ಮೂಲದ ಜನರನ್ನು ಬುಡಕಟ್ಟು ಅನ್ನುತ್ತೇವೆ. ‘ಬುಡಕೋಶ’ ಹೇಗಿರುತ್ತದೆ? ‘ಆಕರಕೋಶ’ ಪೇಪರುಗಳಲ್ಲಿ ಆಗಲೇ ಓಡಾಡುತ್ತಿದೆ, ಅದಕ್ಕೂ ನನ್ನ ತಕರಾರಿಲ್ಲ. ಚಕ್ಕೆ ಔಷಧಿಗೆ ಹೆಸರಾದ ಮಲೆನಾಡಿನಲ್ಲಿ ಕಾಂಡಕೋಶ ಮಾತ್ರ ಬೇಡ.

ನನಗೆ ಜಾಸ್ತಿ ಚಿಂತೆ ಇರುವುದು ‘ಚಿಕಿತ್ಸೆ’ ಮೇಲೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರೂ (ಐಸಿಎಂಆರ್) ಇದರಲ್ಲಿ ಎಡವಿ ಎದ್ದಿದ್ದಾರೆ. 2007ರ ಮಾರ್ಗಸೂಚಿಯ ಹೆಸರಲ್ಲಿ ಸ್ಟೆಮ್ ಸೆಲ್ ಸಂಶೋಧನೆ ‘ಮತ್ತು ಚಿಕಿತ್ಸೆ’ ಅಂತ ಇತ್ತು. 2013ರಲ್ಲಿ ಹೊಸದು ತಂದಾಗ ‘ಚಿಕಿತ್ಸೆ’ಯನ್ನು ಬೇಕಂತಲೇ ಕೈಬಿಟ್ಟು ಬರೀ ‘ಸಂಶೋಧನೆ’ ಉಳಿಸಿದರು. 2017ರದ್ದೂ ಹಾಗೇ ಇದೆ. ಅದರ ಪ್ರಕಾರ ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥ ಒಪ್ಪಿತ ಬಳಕೆ ಬಿಟ್ಟರೆ, ಮಿಕ್ಕದ್ದೆಲ್ಲ ಅನುಮತಿ ಪಡೆದ ಪ್ರಯೋಗದ ಒಳಗೇ ನಡೆಯಬೇಕು. ಪ್ರಯೋಗಕ್ಕೆ ಸೇರಿದವರಿಂದ ದುಡ್ಡು ಕೇಳುವಂತಿಲ್ಲ. ತೋಟ ಅಡ ಇಡಿಸುವವರು ಮಾಡುತ್ತಿರುವುದು ಪ್ರಯೋಗವೂ ಅಲ್ಲ, ಚಿಕಿತ್ಸೆಯೂ ಅಲ್ಲ.

ಆದರೆ ‘ಪ್ರಯೋಗ’ ಅಂತ ಬರೆದರೆ ಜನ ಹೆದರುತ್ತಾರೆ. “ನಮ್ಮ ಮೇಲೆ ಪ್ರಯೋಗ ಮಾಡ್ತಾರಾ?” ಅಂತಾರೆ. ಹೆದರಿಸುವುದೂ ನನಗೆ ಬೇಡ, ಏಕೆಂದರೆ ಈ ದಾರಿಯಲ್ಲಿ ನಿಜವಾದ ಭರವಸೆ ಇದೆ. ಪಾರ್ಕಿನ್ಸನ್ ಕಾಯಿಲೆಯ 12 ಜನರ ಮಿದುಳಿಗೆ ಭ್ರೂಣಮೂಲದ ನರಕೋಶ ಹಾಕಿ ನೋಡಿದ ವರದಿ 2025ರಲ್ಲಿ ಬಂದಿದೆ. ಕೋಶಗಳು ಬದುಕಿ ಉಳಿದಿವೆ, ಗಡ್ಡೆ ಕಟ್ಟಿಲ್ಲ. ಗಡ್ಡೆಯ ಮಾತು ಯಾಕೆಂದರೆ, ಯಾವ ಕೋಶ ಬೇಕಾದರೂ ಆಗಬಲ್ಲ ಈ ಕೋಶ ಪಳಗದೆ ಹಾಗೇ ಮೈಸೇರಿದರೆ ಗಡ್ಡೆಯೂ ಆಗಬಲ್ಲದು. ಬೇರೆಯವರ ಕೋಶವಾದ್ದರಿಂದ ದೇಹ ಹೊರಗೆ ತಳ್ಳುವ ಭಯವೂ ಇದೆ. ಅದಕ್ಕೆ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಕೊಡಬೇಕಾಗುತ್ತದೆ. ಜಪಾನಿನ ಶಿನ್ಯ ಯಮನಾಕ ಭ್ರೂಣ ಇಲ್ಲದೆಯೇ ಚರ್ಮದ ಕೋಶವನ್ನೇ ಹಿಂದಕ್ಕೆ ತಿರುಗಿಸಿ ಇಂಥ ಕೋಶ ಮಾಡಿದರು, 2012ರಲ್ಲಿ ಅದಕ್ಕೆ ನೊಬೆಲ್ ಬಂತು. ಗಡ್ಡೆಯ ಭಯ ಅಲ್ಲೂ ತಪ್ಪಿದ್ದಲ್ಲ.

ಬೆನ್ನುಹುರಿಗೆ ಬಂದರೆ, ಭ್ರೂಣಮೂಲದ ಕೋಶವನ್ನು ಮನುಷ್ಯರಿಗೆ ಕೊಟ್ಟು ನೋಡಿದ ಮೊದಲ ಅನುಮತಿ ಪಡೆದ ಪ್ರಯೋಗವೇ ಅದರದ್ದು. ಅಮೆರಿಕದ ಜೆರಾನ್ ಕಂಪನಿ 2010ರ ಅಕ್ಟೋಬರಿನಲ್ಲಿ ಶುರು ಮಾಡಿ, 2011ರ ನವೆಂಬರಿನಲ್ಲಿ ಹಣದ ಕಾರಣಕ್ಕೆ ನಿಲ್ಲಿಸಿತು. ಪೆಟ್ಟು ಬಿದ್ದ 7ರಿಂದ 14 ದಿನದ ಒಳಗಿನವರನ್ನು ಮಾತ್ರ ಸೇರಿಸಿಕೊಂಡಿದ್ದರು. ಬಿದ್ದು ಎರಡು ಮಳೆಗಾಲ ಕಳೆದವರಿಗೆ ಆ ಜಾಹೀರಾತು ಏನು ಮಾರುತ್ತಿದೆ ಅಂತ ನೀವೇ ಯೋಚಿಸಿ.

ಈಗ ನಾನು ಬರೆದಿಟ್ಟ ವಾಕ್ಯ ಹೀಗಿದೆ: “ಇದು ಇನ್ನೂ ಪರೀಕ್ಷೆಯ ಹಂತದಲ್ಲಿದೆ. ದುಡ್ಡು ಕೇಳಿದರೆ ಹೋಗಬೇಡಿ.” ‘ಪರೀಕ್ಷೆ’ ಅಂದರೆ ರಕ್ತಪರೀಕ್ಷೆ ಅಂದುಕೊಳ್ಳುತ್ತಾರೇನೋ ಅನ್ನುವ ಅನುಮಾನ ಇದೆ. ‘ಕೊಟ್ಟು ನೋಡುವ ಹಂತ’ ಅಂದರೆ ಹೇಗೆ? ಸಾಗರ, ಸೊರಬದ ಕಡೆಯವರು, ಅದರಲ್ಲೂ ಆಶಾ ಕಾರ್ಯಕರ್ತೆಯರ ಜತೆ ಒಡನಾಟ ಇರುವವರು ದಯವಿಟ್ಟು ತಿಳಿಸಿ. ಆ ಕೋಶದ ಉಂಡೆಗೆ ಹೆಸರು ಸಿಕ್ಕೀತೇನೋ ಅಂತ ಇದನ್ನೂ ಕೇಳುತ್ತೇನೆ: ಮುಟ್ಟು ನಿಂತ ಹೊಸತರಲ್ಲಿ, ಇನ್ನೂ ಬಸಿರು ಅನ್ನುವ ಮೊದಲು, ನಿಮ್ಮ ಮನೆಯ ಹೆಂಗಸರು ಏನಾದರೂ ಬೇರೆ ಮಾತು ಬಳಸುತ್ತಾರೆಯೇ? ಇದ್ದರೆ ಯಾವ ಊರಿನ ಮಾತು ಅಂತಲೂ ಬರೆಯಿರಿ. ಕೈಪತ್ರ ಇನ್ನೂ ಪ್ರೆಸ್ಸಿಗೆ ಹೋಗಿಲ್ಲ.