ಒಡಂಬಡಿಕೆ: ಕಟ್ಟುವುದೋ, ಕಡಿಯುವುದೋ?

ಬಲ್ಲವರಲ್ಲಿ 'ಖಂಡಿತ' ಎಂಬ ಪದದ ಬಗ್ಗೆ ಒಂದು ಪ್ರಶ್ನೆ, ಸ್ವಲ್ಪ ಸುತ್ತುಬಳಸು.

ಮುಂಬಯಿ ಬಳಿಯ ಠಾಣೆ ಊರಿನಲ್ಲಿ ನಮ್ಮ ಪಕ್ಕದ ಮನೆಯ ಆಜಿ ಬೆನೆ ಇಸ್ರೇಲಿ, ಅಂದರೆ ಕೊಂಕಣದ ಮರಾಠಿ ಮಾತಿನ ಯೆಹೂದಿ. ಮೊನ್ನೆ ಅವರಲ್ಲಿಂದ ಮಲಿದಾ ಬಂತು: ನೆನೆಸಿದ ಅವಲಕ್ಕಿ, ತೆಂಗಿನತುರಿ, ಸಕ್ಕರೆ, ಬದಿಗೆ ಹಣ್ಣಿನ ಹೋಳು. ಎಲೀಯ ಪ್ರವಾದಿಯ ಹೆಸರಿನಲ್ಲಿ ಮಾಡುವಂಥದ್ದು. 'ನವಸ ಫೇಡಲಾ' ಎಂದರು, ಅಂದರೆ ಹರಕೆ ತೀರಿಸಿದೆ. ಮರಾಠಿಯಲ್ಲಿ ಸಾಲಕ್ಕೂ ಹರಕೆಗೂ ಫೇಡಣೆಯೇ. ನಾವೂ ಎರಡನ್ನೂ ತೀರಿಸುವವರೇ.

ಮೊಮ್ಮಗನಿಗೆ ಎಂಟನೆಯ ದಿನ ಸುನ್ನತಿ, ಅವರ ಮಾತಿನಲ್ಲಿ ಬ್ರಿತ್ ಮಿಲಾ, ಆಗಿತ್ತಂತೆ. ಬ್ರಿತ್ ಅಂದರೇನು ಆಜಿ ಎಂದೆ. 'ಕರಾರ.' ನನಗೋ 11 ತಿಂಗಳಿಗೊಮ್ಮೆ ಬರುವ ಭಾಡೆಕರಾರ ನೆನಪಾಯಿತು! ಮರಾಠಿ ಬೈಬಲಿನಲ್ಲೂ 'ಜುನಾ ಕರಾರ', 'ನವಾ ಕರಾರ'. ಕನ್ನಡದ್ದು ಒಡಂಬಡಿಕೆ, ಒಡನ್, ಪಡು ಸೇರಿದ್ದು. ಬಾಡಿಗೆ ವಾಸನೆ ಇಲ್ಲದ್ದರಿಂದ ನನಗೆ ಇದೇ ಮೇಲು.

ಆದರೆ ಹೀಬ್ರೂವಿನಲ್ಲಿ ಬೆರೀತ್ (ಆಜಿಯ ಬ್ರಿತ್ ಇದೇ) ಅನ್ನು 'ಕಾರತ್' ಮಾಡುತ್ತಾರೆ, ಅಂದರೆ ಕಡಿಯುತ್ತಾರೆ. (ಕರಾರ ಅರಬ್ಬಿಯದು, ನಂಟು ಹಚ್ಚಬೇಡಿ.) ಬೈಬಲಿನ ಆದಿಕಾಂಡ 15ರಲ್ಲಿ ಯೆಹೂದಿಗಳ ಮೂಲಪುರುಷ ಅಬ್ರಾಮ ಮೂರು ವರ್ಷದ ಕಡಸು, ಮೇಕೆ, ಟಗರುಗಳನ್ನು ಸೀಳಿ ಹೋಳುಗಳನ್ನು ಎದುರುಬದುರು ಇಡುತ್ತಾನೆ. ಕತ್ತಲಾದ ಮೇಲೆ ದೇವರ ಗುರುತಾಗಿ ಹೊಗೆಯಾಡುವ ಒಲೆ, ಉರಿಯುವ ಪಂಜು ನಡುವೆ ಹಾಯುತ್ತವೆ. ಅಬ್ರಾಮ ಹಾಯುವುದಿಲ್ಲ, ಮಾತಿಗೆ ಸಿಕ್ಕಿಕೊಂಡವನು ದೇವರೇ. ಹೋಳು ಯಾಕೆಂಬುದು ಪ್ರವಾದಿ ಯೆರೆಮೀಯನ ಗ್ರಂಥದ 34ರಲ್ಲಿದೆ: ಮಾತು ತಪ್ಪಿದವರಿಗೆ ಸೀಳಿದ ಕರುವಿನ ಗತಿ. 'ಒಡಂಬಡಿಕೆ ಮಾಡಿಕೊಂಡನು' ಎಂದಾಗ ಈ ಕತ್ತಿ ಕಾಣುವುದೇ ಇಲ್ಲ.

ನಮ್ಮದೆಲ್ಲ ಗಂಟಿನ ವ್ಯವಹಾರ. ಕಂಕಣ ಕಟ್ಟು, ಮುಡಿಪು ಕಟ್ಟು. ಅವ್ವ ಅರಿಸಿನ ಬಟ್ಟೆಯಲ್ಲಿ ಒಂದು ರೂಪಾಯಿ ಕಟ್ಟಿ ದೇವರ ಗೂಡಿನಲ್ಲಿಡುತ್ತಿದ್ದಳು. ಹರಕೆ ತೀರುವವರೆಗೆ ಎಂಥ ಅಡಚಣೆಯಲ್ಲೂ ಆ ಗಂಟು ಬಿಚ್ಚುವಂತಿರಲಿಲ್ಲ. ಕಡಿದರೆ, ಮುರಿದರೆ ಮಾತು ಕೆಟ್ಟಿತೆಂದೇ ಲೆಕ್ಕ.

ಹೀಗೆಂದುಕೊಂಡು ಕೆಳಗಿಳಿದರೆ ಸೊಸೈಟಿಯ ಫಲಕದಲ್ಲಿ ಮರಾಠಿ ಚೀಟಿ: ನಾಳೆ ವೀಜಪುರವಠಾ 'ಖಂಡಿತ'. ಕರೆಂಟು ಕಡಿತ ಎಂದರ್ಥ. ಅದೇ ಹೊತ್ತಿಗೆ ಫೋನಿನಲ್ಲಿ ತಮ್ಮನಿಗೆ ನಾನು ಹೇಳುತ್ತಿದ್ದದ್ದು, 'ಹಬ್ಬಕ್ಕೆ ಖಂಡಿತ ಬರ್ತೀನಿ.'

ಸಂಸ್ಕೃತದಲ್ಲಿ ಖಂಡಿತ ಎಂದರೆ ತುಂಡಾದದ್ದು. ಕನ್ನಡದಲ್ಲಿ ಅದು ನಿಶ್ಚಯವಾದದ್ದು ಹೇಗೆ? ತೆಲುಗಿನ 'ಖಂಡಿತಂಗಾ' ಕೂಡ ಹಾಗೇ. 'ಕಡ್ಡಿ ಮುರಿದಂತೆ ಹೇಳು' ಎನ್ನುವಲ್ಲಿನ ಜಾಡೇ ಇದು, ಅಥವಾ ತಕರಾರನ್ನು ತುಂಡರಿಸಿ ತೀರ್ಮಾನಿಸಿದ್ದು ಎಂಬುದರಿಂದ ಬಂತೇ? ಶಾಸನದಲ್ಲೋ ಹಳೆಯ ಕಾವ್ಯದಲ್ಲೋ ನಿಶ್ಚಯಾರ್ಥದ 'ಖಂಡಿತ' ಕಂಡವರು ಆ ಸಾಲನ್ನೇ ಹಾಕಿ.