ಮೈಗ್ರೇನ್‌ಗೆ ಆಕ್ಯುಪಂಕ್ಚರ್ ಮಾಡಿಸಿಕೊಂಡವರು ಇದ್ದೀರಾ?

ಮಾಲತಿ, ಶಿವಮೊಗ್ಗ:
ಕಾಲೇಜಿನ ದಿನಗಳಿಂದ ನನಗೆ ಅರೆತಲೆನೋವು. ಮೊದಲು ಕಣ್ಣ ಮುಂದೆ ಅಂಕುಡೊಂಕು ಗೆರೆ ಮಿನುಗುತ್ತದೆ. ಸ್ವಲ್ಪ ಹೊತ್ತಿಗೆ ಎಡಗಣ್ಣಿನ ಹಿಂದೆ ಸಿಡಿತ ಶುರು. ಪಕ್ಕದ ಮನೆಯ ಒಗ್ಗರಣೆ ವಾಸನೆಗೂ ಹೊಟ್ಟೆ ತೊಳಸುತ್ತದೆ. ನೋವು ಬರದಂತೆ ದಿನಾ ನುಂಗುವ ಮಾತ್ರೆಗಳಲ್ಲಿ, ಅಸ್ತಮಾ ಇರುವುದರಿಂದ ಪ್ರೊಪ್ರಾನೊಲಾಲ್ ಬೇಡ ಎಂದರು ಡಾಕ್ಟರು. ಬದಲಿಗೆ ಟೋಪಿರಾಮೇಟ್ ಕೊಟ್ಟರು. ಬೆರಳೆಲ್ಲ ಜುಮ್ಮೆನ್ನುತ್ತಿತ್ತು. ಪಾಠ ಮಾಡುವಾಗ ಗೊತ್ತಿರುವ ಪದವೇ ಬಾಯಿಗೆ ಬರುತ್ತಿರಲಿಲ್ಲ. ಅವರನ್ನೇ ಕೇಳಿ ನಿಲ್ಲಿಸಿದೆ. ಈಗ ನಮ್ಮ ಅತ್ತಿಗೆ ಆಕ್ಯುಪಂಕ್ಚರ್ ಮಾಡಿಸು ಅಂತಾರೆ. ತುಂಬಾ ನೋಯುತ್ತಾ? ಸುಮ್ನೆ ದುಡ್ಡು ದಂಡವಾಗುತ್ತಾ?

ಸುಧಾ, ಹಾಸನ:
ನಾನು ಮಾಡಿಸಿಕೊಂಡಿದ್ದೇನೆ. ಇಂಜೆಕ್ಷನ್ ಸೂಜಿಯ ಹಾಗಲ್ಲ ಅದು, ಕೂದಲಿನಷ್ಟು ಸಪೂರ. ಸಣ್ಣ ಪ್ಲಾಸ್ಟಿಕ್ ಕೊಳವೆಯೊಳಗಿಟ್ಟು ಬೆರಳಿನಿಂದ ಟಕ್ ಅಂತ ತಟ್ಟುತ್ತಾರೆ. ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಆಮೇಲೆ ಮೆಲ್ಲಗೆ ತಿರುಗಿಸಿದಾಗ ಮಾತ್ರ ಹೆಬ್ಬೆರಳು–ತೋರುಬೆರಳ ಸಂದಿಯಲ್ಲಿ ಭಾರವಾಗಿ ಜೋಮು ಹಿಡಿದ ಹಾಗಾಯಿತು. ಕತ್ತಿನ ಹಿಂದೆ, ತಲೆಬುರುಡೆಯ ಬುಡದ ಗುಳಿಗಳಲ್ಲೂ ಹಾಕಿದ್ದರು. ಅರ್ಧ ಗಂಟೆ ಮಲಗಿಸಿದರು. ನನಗೆ ನೋವು ಪೂರ್ತಿ ಹೋಗಿಲ್ಲ. ಆದರೆ ಮೊದಲಿನಷ್ಟು ಸಲ ಬರುತ್ತಿಲ್ಲ. ನನಗೆ ಅಷ್ಟೇ ದೊಡ್ಡದು.

ಹರೀಶ್:
ಎಲ್ಲಿ ಚುಚ್ಚಿದರೂ ಒಂದೇ, ಎಲ್ಲ ಮನಸ್ಸಿನ ಸಮಾಧಾನ ಅಂತ ಓದಿದ್ದೆ. ಹಾಗಲ್ವಾ?

ಡಾ. ಶೈಲಾ, ಮಂಗಳೂರು:
ನಾನು ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ) ಓದಿದವಳು, ದಿನಾ ಸೂಜಿ ಹಾಕುವವಳು. ಹರೀಶ್ ಅವರೇ, ನಿಮ್ಮ ಪ್ರಶ್ನೆ ಕೇಳಲೇಬೇಕಾದದ್ದು. ಚಿಕಿತ್ಸೆಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಅಳೆಯುವ ಕಾಕ್ರೇನ್ ಸಂಸ್ಥೆಯ 2016ರ ವಿಮರ್ಶೆ 22 ಪ್ರಯೋಗಗಳನ್ನು, ಹತ್ತಿರ ಹತ್ತಿರ 5000 ಜನರ ಮಾಹಿತಿಯನ್ನು ಒಟ್ಟಿಗೆ ನೋಡಿತು. ಆಕ್ಯುಪಂಕ್ಚರ್ ಮಾಡಿಸಿಕೊಂಡ 100 ಜನರಲ್ಲಿ 41 ಮಂದಿಗೆ ತಲೆನೋವು ಬರುವುದು ಅರ್ಧಕ್ಕರ್ಧ ಇಳಿಯಿತು. ಮಾಡಿಸದವರಲ್ಲಿ 17 ಮಂದಿಗೆ. ಹುಸಿ ಸೂಜಿಯ (ಚುಚ್ಚಿದಂತೆ ತೋರಿಸುವುದು, ಇಲ್ಲವೇ ಬೇರೆ ಜಾಗದಲ್ಲಿ ಚುಚ್ಚುವುದು) ಜೊತೆ ಹೋಲಿಸಿದ ಪ್ರಯೋಗಗಳಲ್ಲಿ 100 ಜನರಿಗೆ ನಿಜವಾದದ್ದಕ್ಕೆ 50, ಹುಸಿಗೆ 41. ಅಂತರ ಇದೆ, ಆದರೆ ಚಿಕ್ಕದು. ನಂಬಿಕೆಯ ಪಾಲು ಜಾಸ್ತಿಯೇ ಇದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ದಿನಾ ನುಂಗುವ ತಡೆ ಮಾತ್ರೆಗಳ ಜೊತೆ ಹೋಲಿಸಿದಾಗಲೂ ಇದು ಹಿಂದೆ ಬಿದ್ದಿಲ್ಲ, ಅಡ್ಡಪರಿಣಾಮವೂ ಕಡಿಮೆ.

ಮಾಲತಿಯವರೇ, ವೈದ್ಯರಿಗೆ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2012ರ ಮಾರ್ಗಸೂಚಿಯಲ್ಲಿ ಹೇಳಿದ್ದು ಹೆಚ್ಚುಕಡಿಮೆ ನಿಮ್ಮಂಥವರಿಗೇ. ನೀವು ಹೇಳಿದ ಆ ಎರಡೂ ಮಾತ್ರೆ ಒಗ್ಗದಿದ್ದರೆ 5ರಿಂದ 8 ವಾರಗಳಲ್ಲಿ 10 ಸಲದವರೆಗೆ ಆಕ್ಯುಪಂಕ್ಚರ್ ನೋಡಬಹುದು ಎಂದು. ಅಷ್ಟಕ್ಕೂ ಏನೂ ಫರಕ್ಕು ಕಾಣದಿದ್ದರೆ ನಿಲ್ಲಿಸಿ. ವರ್ಷಗಟ್ಟಲೆ ಪ್ಯಾಕೇಜ್ ಮಾರುವವರ ಹತ್ತಿರ ಹೋಗಬೇಡಿ. ಪ್ರತಿ ಸಲ ಹೊಸ ಸೂಜಿಯ ಪೊಟ್ಟಣ ನಿಮ್ಮ ಮುಂದೆಯೇ ಒಡೆಯಲಿ. ಬಸುರಿಯಾಗಿದ್ದರೆ ಅಥವಾ ರಕ್ತ ತೆಳುವಾಗುವ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಿ.

ಇನ್ನೆರಡು ಮಾತು, ಇವು ಸೂಜಿಗಿಂತ ಮುಖ್ಯ. ಗೆರೆ ಮಿನುಗುವುದಕ್ಕೆ ಆರಾ ಎನ್ನುತ್ತಾರೆ. ಆರಾ ಇರುವವರಿಗೆ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಒಳ್ಳೆಯದಲ್ಲ, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ತಗೊಳ್ತಿದ್ದರೆ ನಿಮ್ಮ ಸ್ತ್ರೀರೋಗ ವೈದ್ಯರಿಗೆ ಈ ವಾರವೇ ತಿಳಿಸಿ. ಇನ್ನೊಂದು, ಪ್ಯಾರಾಸಿಟಮಾಲ್‌ನಂಥ ನೋವಿನ ಮಾತ್ರೆ ತಿಂಗಳಿಗೆ 15 ದಿನ, ಮೈಗ್ರೇನ್ ಬಂದಾಗಷ್ಟೇ ನುಂಗುವ ಟ್ರಿಪ್ಟಾನ್ ಮಾತ್ರೆ 10 ದಿನ ಮುಟ್ಟಿ, ಹೀಗೇ ಮೂರು ತಿಂಗಳು ದಾಟಿದರೆ ಮಾತ್ರೆಯೇ ತಲೆನೋವು ತರುತ್ತದೆ. ಆಗ ಎಷ್ಟು ಸೂಜಿ ಹಾಕಿದರೂ ಇಳಿಯುವುದು ಕಷ್ಟ.

ಮಾಲತಿ, ಶಿವಮೊಗ್ಗ:
ಗರ್ಭನಿರೋಧಕ ಮಾತ್ರೆಯ ವಿಷಯ ಇದುವರೆಗೆ ಯಾರೂ ಕೇಳಿರಲಿಲ್ಲ ಮೇಡಂ. ತಗೊಳ್ತಿದ್ದೇನೆ. ನಾಳೆಯೇ ಡಾಕ್ಟರನ್ನು ಕಾಣುತ್ತೇನೆ. ಶಿವಮೊಗ್ಗದಲ್ಲಿ ಬಿಎನ್‌ವೈಎಸ್ ಓದಿದ, ಸಂಜೆ ಶಾಲೆ ಬಿಟ್ಟ ಮೇಲೆ ಸಿಗುವ ವೈದ್ಯರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.