ಮೆಡಿಚಿ ಕಾದಂಬರಿಗೆ ಎಷ್ಟು ಸ್ಟಾರ್? ನಮ್ಮ ಮನೆ ಗ್ರೂಪಿನ ಜಗಳ

(ಇಟಲಿಯ ಫ್ಲಾರೆನ್ಸಿನ ಬ್ಯಾಂಕ್ ಮನೆತನ ಮೆಡಿಚಿಯವರ ಮೇಲಿನ ನನ್ನ ಬಳಿಯ ಒಂದು ಪುಸ್ತಕ ಮನೆಯವರೆಲ್ಲರ ಕೈ ದಾಟಿದ ಮೇಲೆ ವಾಟ್ಸಾಪ್ ಗ್ರೂಪಿನಲ್ಲಿ ಆದ ಮಾತುಕತೆ ಇದು. ಮಧ್ಯೆ ಬಂದ ಶುಭೋದಯದ ಚಿತ್ರಗಳನ್ನೂ ಗೃಹಪ್ರವೇಶದ ಅಡುಗೆಯವರ ವಿಷಯವನ್ನೂ ತೆಗೆದಿದ್ದೇನೆ.)

ಮೇಘನಾ: ಮೆಡಿಚಿ ಥ್ರಿಲ್ಲರ್ ಓದಿದವರೆಲ್ಲ ಸ್ಟಾರ್ ಹಾಕಿ. ನನ್ನದು 5ಕ್ಕೆ 5. 1478ರ ಏಪ್ರಿಲ್ 26, ಭಾನುವಾರ, ಫ್ಲಾರೆನ್ಸಿನ ದೊಡ್ಡ ಚರ್ಚು. ಪೂಜೆ ನಡೆಯುವಾಗಲೇ ಮೆಡಿಚಿ ಮನೆಯ ತಮ್ಮ ಜೂಲಿಯಾನೊನನ್ನು 19 ಸಲ ಇರಿದು ಕೊಲ್ಲುತ್ತಾರೆ. ಅಣ್ಣ ಲೊರೆಂಜೊ ಕುತ್ತಿಗೆಗೆ ಏಟು ತಿಂದು ಒಳಕೋಣೆಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಾನೆ. ಆ ಅಧ್ಯಾಯ ಓದುವಾಗ ಒಲೆ ಮೇಲಿನ ಹಾಲು ಉಕ್ಕಿದ್ದೇ ಗೊತ್ತಾಗಲಿಲ್ಲ.

ಪ್ರದೀಪಣ್ಣ: 4. ನಡುವಿನ ಪ್ರೇಮ ಪ್ರಕರಣ ಸುಮ್ನೆ ಎಳೆದಿದ್ದಾರೆ. ಉಳಿದಂತೆ ಸೂಪರ್.

ಶ್ರೀಧರ ಚಿಕ್ಕಪ್ಪ: 2. ಅದರಲ್ಲಿ ಒಂದು ಮುಖಪುಟಕ್ಕೆ.

ಮೇಘನಾ: ಯಾಕೆ ಚಿಕ್ಕಪ್ಪ??

ಶ್ರೀಧರ ಚಿಕ್ಕಪ್ಪ: ಬ್ಯಾಂಕ್ ಮನೆತನದ ಕಥೆ ಅಂತ ಹಿಂಬದಿಯಲ್ಲಿ ಬರೆದಿದೆ. ಒಳಗೆ ಬ್ಯಾಂಕ್ ಎಲ್ಲಿದೆ? ಯಾರೂ ಸಾಲ ಕೇಳುವುದಿಲ್ಲ, ಯಾರೂ ತೀರಿಸುವುದಿಲ್ಲ. ಎಲ್ಲರೂ ವೆಲ್ವೆಟ್ ಹಾಕಿಕೊಂಡು ಮೆಟ್ಟಿಲು ಇಳಿಯುತ್ತಿರುತ್ತಾರೆ, ಅಷ್ಟೆ.

ಪ್ರದೀಪಣ್ಣ: ಅಷ್ಟು ವರ್ಷ ಬ್ಯಾಂಕಿನಲ್ಲಿ ಕೂತದ್ದು ಸಾಲದೇ ಚಿಕ್ಕಪ್ಪ? ಕಾದಂಬರಿಯಲ್ಲೂ ಲೆಡ್ಜರ್ ಬೇಕಾ?

ಶ್ರೀಧರ ಚಿಕ್ಕಪ್ಪ: ಬೇಕು. ಈ ಕೊಲೆ ಯಾಕಾಯಿತು ಅಂತ ಲೆಡ್ಜರಿನಲ್ಲೇ ಇದೆ. ಮೇಘನಾ, ನಿನ್ನ ಪುಸ್ತಕದ ಪ್ರಕಾರ ಯಾಕಾಯಿತು ಹೇಳು ನೋಡೋಣ.

ಮೇಘನಾ: ಎದುರಾಳಿ ಬ್ಯಾಂಕ್ ಮನೆತನದ ಫ್ರಾಂಚೆಸ್ಕೊ ಪಾಟ್ಸಿಗೆ ಹೊಟ್ಟೆಕಿಚ್ಚು. ಪುಸ್ತಕದ ಆ ಹುಡುಗಿ ಜೂಲಿಯಾನೊನನ್ನು ಒಪ್ಪಿಕೊಂಡಳು ಅಂತ ಇನ್ನಷ್ಟು ಉರಿ. ಆಮೇಲೆ ಪೋಪ್ ಕೆಟ್ಟವನು.

ಶ್ರೀಧರ ಚಿಕ್ಕಪ್ಪ: ನೋಡಿದೆಯಾ! ಈಗ ನಾನು ಹೇಳುತ್ತೇನೆ ಕೇಳು. 1473ರಲ್ಲಿ ನಾಲ್ಕನೇ ಸಿಕ್ಸ್ಟಸ್ ಪೋಪ್‌ಗೆ ಇಮೊಲಾ ಅನ್ನುವ ಊರು ಬೇಕಾಯಿತು, ಸೋದರಳಿಯ ಜಿರೊಲಾಮೊ ರಿಯಾರಿಯೊಗೆ ಕೊಡಲಿಕ್ಕೆ. ಬೆಲೆ 40,000 ಡುಕಾಟ್, ಅಂದರೆ ಚಿನ್ನದ ನಾಣ್ಯ. ಪೋಪ್ ಗಿರಾಕಿ, ಮೆಡಿಚಿ ಅವನ ಬ್ಯಾಂಕು. ಹೋಗಿ ಸಾಲ ಕೇಳಿದ. ಲೊರೆಂಜೊಗೆ ಆ ಊರು ಫ್ಲಾರೆನ್ಸಿನ ಕೈಗೇ ಬರಬೇಕು ಅಂತ ಆಸೆ. ಹಾಗಾಗಿ ಕೊಡಲಿಲ್ಲ. ನೀವೂ ಕೊಡಬೇಡಿ ಅಂತ ಪಾಟ್ಸಿಯವರಿಗೂ ಹೇಳಿದ. ಅವರು ಕೊಟ್ಟರು! 1474ರಲ್ಲಿ ಪೋಪ್ ಖಾತೆ ಮೆಡಿಚಿ ಬ್ಯಾಂಕಿನಿಂದ ಪಾಟ್ಸಿ ಬ್ಯಾಂಕಿಗೆ ಹೋಯಿತು. 1476ರಲ್ಲಿ ಪೋಪ್ ಕೈಯಲ್ಲಿದ್ದ ಟೋಲ್ಫಾ ಗಣಿಯ ಪಟಿಕದ ಗುತ್ತಿಗೆಯೂ ಹೋಯಿತು. ಆ ಕಾಲದಲ್ಲಿ ಉಣ್ಣೆಗೆ ಬಣ್ಣ ನಿಲ್ಲಬೇಕಾದರೆ ಪಟಿಕವೇ ಬೇಕು. ಅಂದರೆ ಇಡೀ ಯುರೋಪಿನ ಬಟ್ಟೆ ವ್ಯಾಪಾರದ ಜುಟ್ಟು ಅದು.

ಕಾರ್ತಿಕ್: ಸಲೂನಿನಲ್ಲಿ ಗಡ್ಡ ಮಾಡಿದ ಮೇಲೆ ಉಜ್ಜುತ್ತಾರಲ್ಲ, ಆ ಪಟಿಕವಾ ಮಾವ?

ಶ್ರೀಧರ ಚಿಕ್ಕಪ್ಪ: ಅದೇ ಕಣೋ. ಬ್ಯಾಂಕರುಗಳು ಅದಕ್ಕೆ ಬಡಿದಾಡಿದ್ದಾರೆ.

ಮೇಘನಾ: ಇದನ್ನೆಲ್ಲ ಹಾಕಿದರೆ ಮೂರನೇ ಪುಟಕ್ಕೇ ಪುಸ್ತಕ ಮುಚ್ಚುತ್ತಾರೆ ಚಿಕ್ಕಪ್ಪ. ಕಾದಂಬರಿ ಅದು, ಇನ್‌ಸ್ಪೆಕ್ಷನ್ ರಿಪೋರ್ಟ್ ಅಲ್ಲ.

ಶ್ರೀಧರ ಚಿಕ್ಕಪ್ಪ: ಪೋಪ್‌ಗೇ ಸಾಲ ಇಲ್ಲ ಅನ್ನುತ್ತಾನೆ 24 ವರ್ಷದ ಹುಡುಗ. ಎದುರು ಮನೆಯವರು ಕದ್ದು ಕೊಟ್ಟು ಖಾತೆ ಹೊಡೆಯುತ್ತಾರೆ. ಇದಕ್ಕಿಂತ ಥ್ರಿಲ್ಲರ್ ಬೇಕಾ ನಿನಗೆ? ಅದನ್ನು ಬಿಟ್ಟು ಇಲ್ಲದ ಹುಡುಗಿಯನ್ನು ತಂದಿದ್ದಾರೆ.

ವಿಜಯಾ ಅತ್ತೆ: ಹುಡುಗಿ ವಿಷಯಕ್ಕೆ ನನ್ನದೂ ತಕರಾರಿದೆ. ಇಲ್ಲದವಳನ್ನು ಯಾಕೆ ತರಬೇಕಿತ್ತು, ಇದ್ದವಳೇ ಇದ್ದಳಲ್ಲ? ಬಿಯಾಟ್ರಿಚೆ ಬೊರೊಮೆಯಿ ಅಂತ, ಪಾಟ್ಸಿ ಮನೆಯ ಜೊವಾನ್ನಿಯ ಹೆಂಡತಿ. ಅಪ್ಪನ ದೊಡ್ಡ ಆಸ್ತಿ ಅವಳಿಗೆ ಬರಬೇಕಿತ್ತು. 1477ರಲ್ಲಿ ಫ್ಲಾರೆನ್ಸಿನಲ್ಲಿ ಹೊಸ ಕಾನೂನು ಬಂತು. ಗಂಡು ಮಕ್ಕಳಿಲ್ಲದಿದ್ದರೆ ಆಸ್ತಿ ಮಗಳಿಗಲ್ಲ, ಅಣ್ಣತಮ್ಮಂದಿರ ಗಂಡು ಮಕ್ಕಳಿಗೆ. ಹಿಂದಿನದಕ್ಕೂ ಅನ್ವಯ. ಈ ಕಾನೂನಿನ ಹಿಂದೆ ಲೊರೆಂಜೊನ ಕೈ. ಪಾಟ್ಸಿ ಮನೆಗೆ ಬರಬೇಕಾದ ದುಡ್ಡು ಒಂದೇ ಏಟಿಗೆ ಹೋಯಿತು.

ಶಾರದಾ ದೊಡ್ಡಮ್ಮ: ಅಯ್ಯೋ, ಇಷ್ಟು ಮಾಡಿದವನು ಪುಸ್ತಕದಲ್ಲಿ ಪದ್ಯ ಬರೆದುಕೊಂಡು ಓಡಾಡುತ್ತಾನಲ್ಲ ವಿಜಯಾ!

ವಿಜಯಾ ಅತ್ತೆ: ಪದ್ಯವನ್ನೂ ಬರೆದ ಅತ್ತಿಗೆ. ಚೆನ್ನಾಗಿಯೇ ಬರೆದ. ಎರಡೂ ಒಬ್ಬನೇ ಮಾಡಿದ ಅನ್ನುವುದೇ ಅಲ್ವಾ ಸ್ವಾರಸ್ಯ? ಪುಸ್ತಕ ಒಂದನ್ನು ಮಾತ್ರ ಹಿಡಿದಿದೆ.

ಮೇಘನಾ: ಅತ್ತೆ, ನೀವೂ ಆ ಕಡೆಗಾ!

ವಿಜಯಾ ಅತ್ತೆ: ನಾನು ಯಾವ ಕಡೆಯೂ ಅಲ್ಲ. ನನ್ನದು 3. ಚರ್ಚಿನ ದೃಶ್ಯ ಚೆನ್ನಾಗಿದೆ. ಆದರೆ ಮೊಂಟೆಸೆಕ್ಕೊನನ್ನು ಕೆಡಿಸಿದ್ದಾರೆ. ಲೊರೆಂಜೊನನ್ನು ಕೊಲ್ಲಬೇಕಾಗಿದ್ದವನು ಅವನು, ಬಾಡಿಗೆ ಸೈನಿಕ. ಚರ್ಚಿನೊಳಗೆ ಆ ಕೆಲಸ ಮಾಡುವುದಿಲ್ಲ ಅಂತ ಹಿಂದೆ ಸರಿದ. ಅವನ ಬದಲು ಇಬ್ಬರು ಪಾದ್ರಿಗಳು ಒಪ್ಪಿಕೊಂಡರು. ಅಭ್ಯಾಸ ಇಲ್ಲದ ಕೈ, ಗುರಿ ತಪ್ಪಿತು, ಲೊರೆಂಜೊ ಉಳಿದ. ಪುಸ್ತಕದಲ್ಲಿ ಈ ಮೊಂಟೆಸೆಕ್ಕೊ ಬರೀ ಮೀಸೆ ತಿರುವುವ ಗೂಂಡಾ.

ಶಾರದಾ ದೊಡ್ಡಮ್ಮ: ದೇವರ ಮನೆಯಲ್ಲಿ ಬೇಡಪ್ಪ ಅಂದವನು ಸಿಪಾಯಿ, ಆಗಲಿ ಅಂದವರು ಪಾದ್ರಿಗಳು. ಚೆನ್ನಾಗಿದೆ!

ವಿಜಯಾ ಅತ್ತೆ: ಆಮೇಲೆ ಸಿಕ್ಕಿಬಿದ್ದಾಗ ಅವನೇ ಹೇಳಿಕೆ ಕೊಟ್ಟ. ಪೋಪ್‌ಗೆ ಫ್ಲಾರೆನ್ಸಿನ ಸರ್ಕಾರ ಬದಲಾಗಬೇಕಿತ್ತಂತೆ, ಯಾರ ಪ್ರಾಣವೂ ಹೋಗಬಾರದು ಅಂದನಂತೆ. ಪ್ರಾಣ ಹೋಗದೆ ಅದು ಹೇಗೆ ಆಗುತ್ತದೆ ಅಂತ ಆ ಸಿಪಾಯಿಗೂ ಗೊತ್ತಿತ್ತು. ಆ ಮಾತುಕತೆಯ ದೃಶ್ಯ ಇಲ್ಲ ಇದರಲ್ಲಿ.

ಪ್ರದೀಪಣ್ಣ: ಅತ್ತೆ, ನೀವು ಹೇಳುವುದೇ ಪುಸ್ತಕಕ್ಕಿಂತ ಜೋರಾಗಿದೆ.

ಶ್ರೀಧರ ಚಿಕ್ಕಪ್ಪ: ಇನ್ನೊಂದು. ಊರ ಹೊರಗೆ ಸೈನ್ಯ ಅಡಗಿ ಕಾಯುತ್ತಿತ್ತು ಅಂತ ಬುರುಡೆ ಬಿಟ್ಟಿದ್ದಾರೆ. ಅದಕ್ಕೇ ನನ್ನ ಅರ್ಧ ಸ್ಟಾರ್ ಹೋಯಿತು.

ವಿಜಯಾ ಅತ್ತೆ: ಬುರುಡೆ ಅಲ್ಲ ಶ್ರೀಧರಾ. ಉರ್ಬಿನೊದ ದೊರೆ ಫೆಡೆರಿಗೊ ಡ ಮೊಂಟೆಫೆಲ್ಟ್ರೊ ಸಂಕೇತದಲ್ಲಿ ಬರೆಸಿದ ಕಾಗದ ಇದೆ. ಮಾರ್ಚೆಲ್ಲೊ ಸಿಮೊನೆಟ್ಟಾ ಅನ್ನುವ ಇತಿಹಾಸಕಾರ ಅದನ್ನು ಬಿಡಿಸಿ ಓದಿ 2004ರಲ್ಲಿ ಹೊರಗೆ ಹಾಕಿದ. 600 ಸೈನಿಕರ ಮಾತು ಬರುತ್ತದೆ ಅದರಲ್ಲಿ. ಐನೂರು ವರ್ಷ ಆ ದೊರೆಯನ್ನು ದೊಡ್ಡ ಸಭ್ಯಸ್ಥ ಅಂತ ಹೊಗಳಿದ್ದೇ ಹೊಗಳಿದ್ದು.

ಮೇಘನಾ: ಹಾಂ!! ಆ ಅರ್ಧ ಸ್ಟಾರ್ ವಾಪಸ್ ಕೊಡಿ ಚಿಕ್ಕಪ್ಪ.

ಶ್ರೀಧರ ಚಿಕ್ಕಪ್ಪ: ಅಕ್ಕ ಹೇಳಿದ ಮೇಲೆ ಆಯಿತು. 2½.

ಕಾರ್ತಿಕ್: ನಾನು ಓದಿಲ್ಲ. ಒಂದು ಪ್ರಶ್ನೆ ಮಾವ. ಬಡ್ಡಿ ಪಾಪ ಅಂತಿತ್ತಲ್ಲ ಚರ್ಚು, ಮತ್ತೆ ಪೋಪ್‌ಗೇ ಬ್ಯಾಂಕರ್ ಹೇಗೆ?

ಶ್ರೀಧರ ಚಿಕ್ಕಪ್ಪ: ಭೇಷ್. ಇದನ್ನು ಕೇಳಬೇಕಿತ್ತು ಆ ಲೇಖಕ. ಸಾಲ ಅಂತ ಬರೆಯುವುದಿಲ್ಲ, ಹುಂಡಿ ಅಂತ ಬರೆಯುತ್ತಾರೆ. ಫ್ಲಾರೆನ್ಸಿನಲ್ಲಿ ಫ್ಲೊರಿನ್ ತೆಗೆದುಕೋ, ಲಂಡನ್ನಿನಲ್ಲಿ ಅಲ್ಲಿನ ನಾಣ್ಯದಲ್ಲಿ ಕೊಡು. ಅಲ್ಲಿಂದ ಇನ್ನೊಂದು ಹುಂಡಿಯಲ್ಲಿ ಹಣ ವಾಪಸ್. ಹೋಗಿ ಬರುವಷ್ಟರಲ್ಲಿ ವಿನಿಮಯ ದರದಲ್ಲಿ ಬ್ಯಾಂಕಿಗೆ ಸಾಮಾನ್ಯವಾಗಿ ಲಾಭ. ಬಡ್ಡಿ ಎಲ್ಲಿದೆ ತೋರಿಸು ಅಂದರೆ ಎಲ್ಲೂ ಇಲ್ಲ! ಇನ್ನು ಠೇವಣಿ ಇಟ್ಟ ದೊಡ್ಡವರಿಗೆ ಬಡ್ಡಿ ಕೊಡುತ್ತಿರಲಿಲ್ಲ, ಬ್ಯಾಂಕು ಸಂತೋಷದಿಂದ 'ಉಡುಗೊರೆ' ಕೊಡುತ್ತಿತ್ತು. ಯಾರ ಪಾಲು ಎಷ್ಟು, ನಿಜವಾದ ಲಾಭ ಎಷ್ಟು ಅಂತ ಬೇರೆ ಗುಟ್ಟಿನ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಅಂಥ ಮೂರು ಪುಸ್ತಕ 1950ರಲ್ಲಿ ಫ್ಲಾರೆನ್ಸಿನ ದಾಖಲೆ ಕಚೇರಿಯಲ್ಲಿ ಸಿಕ್ಕವು. ಗುಟ್ಟಿನ ಲೆಕ್ಕದ ಪುಸ್ತಕ ಇಟ್ಟುಕೊಂಡ ಮನೆತನದ ಮೇಲೆ ಥ್ರಿಲ್ಲರ್ ಬರೆದು ಆ ಪುಸ್ತಕವನ್ನೇ ಬಿಟ್ಟರೆ ಏನು ಹೇಳಲಿ?

ಮೇಘನಾ: ಸರಿ, ಇದು ಒಳ್ಳೇ ಪಾಯಿಂಟ್. ಆದರೂ ಲೊರೆಂಜೊನನ್ನು ಇಷ್ಟು ಇಳಿಸಬೇಡಿ. 1434ರಿಂದ 1471ರವರೆಗೆ ನಮ್ಮ ಮನೆಯವರು 6,63,755 ಫ್ಲೊರಿನ್ ಕೊಟ್ಟಿದ್ದೇವೆ ಅಂತ ಅವನೇ ಬರೆದಿಟ್ಟಿದ್ದಾನೆ. ಊರಿಗೆ ಕಟ್ಟಡ, ದಾನ, ಎಲ್ಲ.

ಶ್ರೀಧರ ಚಿಕ್ಕಪ್ಪ: ಆ 'ಎಲ್ಲ'ದಲ್ಲಿ ಏನಿದೆ ನೋಡು. ತೆರಿಗೆ! ಕಟ್ಟಿದ ತೆರಿಗೆಯನ್ನು ದಾನದ ಪಕ್ಕದಲ್ಲಿ ಕೂರಿಸಿ ಒಟ್ಟು ಹಾಕಿದ್ದಾನೆ. ಇಂಥ ಅರ್ಜಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಪ್ರದೀಪಣ್ಣ: ಹಹಹ.

ಶ್ರೀಧರ ಚಿಕ್ಕಪ್ಪ: ಕೊಲೆ ನಡೆದ ಹೊತ್ತಿಗೆ ಬ್ಯಾಂಕೇ ಕುಸಿಯುತ್ತಿತ್ತು. ಬ್ರೂಜ್ ಶಾಖೆಯ ಮ್ಯಾನೇಜರ್ ತೊಮ್ಮಾಸೊ ಪೋರ್ತಿನಾರಿ ಬರ್ಗಂಡಿಯ ದೊರೆ ಚಾರ್ಲ್ಸ್‌ಗೆ ಮಿತಿ ಮೀರಿ ಸಾಲ ಕೊಟ್ಟ. ದೊರೆ 1477ರ ಜನವರಿಯಲ್ಲಿ ಯುದ್ಧದಲ್ಲಿ ಸತ್ತ. ಲಂಡನ್ನಿನಲ್ಲಿ ಅಲ್ಲಿನ ರಾಜನಿಗೆ ಕೊಟ್ಟ ಸಾಲದಿಂದ ಆ ಶಾಖೆಯೂ ಮುಳುಗಿತು. ಆಗ ಲೊರೆಂಜೊ ಏನು ಮಾಡಿದ? ತಾನು ಕಾಯಬೇಕಾಗಿದ್ದ ಚಿಕ್ಕ ದಾಯಾದಿ ಹುಡುಗರ ಹಣಕ್ಕೆ ಕೈ ಹಾಕಿದ. 50,000 ಫ್ಲೊರಿನ್ ಮೇಲೆ! ಅವರು ದೊಡ್ಡವರಾಗಿ ಕೇಳಿದಾಗ ಕಾಫಾಜೊಲೊದ ಬಂಗಲೆಯನ್ನು ಬಿಟ್ಟುಕೊಡಬೇಕಾಯಿತು.

ಶಾರದಾ ದೊಡ್ಡಮ್ಮ: ದಾಯಾದಿ ಮಕ್ಕಳ ದುಡ್ಡಾ? ಹಾಗಾದರೆ ನನ್ನದು 1.

ಮೇಘನಾ: ದೊಡ್ಡಮ್ಮ, ನೀವು ಪುಸ್ತಕಕ್ಕೆ ಕೊಡುತ್ತಿದ್ದೀರೋ ಲೊರೆಂಜೊಗೆ ಕೊಡುತ್ತಿದ್ದೀರೋ?

ಶಾರದಾ ದೊಡ್ಡಮ್ಮ: ಇಬ್ಬರಿಗೂ.

ಪ್ರದೀಪಣ್ಣ: ನನಗೆ ಸಿಟ್ಟು ಬಂದದ್ದು ಕೊನೆಗೆ. ಕಿಟಕಿಯಿಂದ ಜನರಿಗೆ ಶಾಂತರಾಗಿ ಅಂತ ಲೊರೆಂಜೊ ಹೇಳುತ್ತಾನೆ, ಕಥೆ ಮುಗೀತು. ಆಮೇಲೇನಾಯಿತು ಅತ್ತೆ?

ವಿಜಯಾ ಅತ್ತೆ: ಹೇಳಿದ್ದು ನಿಜ. ಜನ ಕೇಳಲಿಲ್ಲ. ಸಂಚಿನಲ್ಲಿದ್ದ ಪೀಸಾದ ಆರ್ಚ್‌ಬಿಷಪ್ ಸಾಲ್ವಿಯಾತಿಯನ್ನೂ ಫ್ರಾಂಚೆಸ್ಕೊ ಪಾಟ್ಸಿಯನ್ನೂ ಅರಮನೆಯ ಕಿಟಕಿಗೇ ನೇತುಹಾಕಿದರು. ಮನೆಯ ಹಿರಿಯ ಯಾಕೊಪೊ ಪಾಟ್ಸಿಯನ್ನು ನೇಣಿಗೆ ಹಾಕಿ ಹೂತರು. ಮತ್ತೆ ಹೊರತೆಗೆದು ಹುಡುಗರು ಬೀದಿಯಲ್ಲಿ ಎಳೆದಾಡಿ ಆರ್ನೋ ನದಿಗೆ ಹಾಕಿದರು. ಜೂಲಿಯಾನೊನನ್ನು ಇರಿದ ಬಾಂದಿನಿ ಕಾನ್‌ಸ್ಟಾಂಟಿನೋಪಲ್‌ವರೆಗೆ ಓಡಿದ. ಸುಲ್ತಾನ ಎರಡನೇ ಮೆಹ್ಮದ್ ಹಿಡಿದು ವಾಪಸ್ ಕಳಿಸಿದ. 1479ರ ಡಿಸೆಂಬರಿನಲ್ಲಿ ಅವನು ನೇಣಿನಲ್ಲಿ ತೂಗುತ್ತಿರುವಾಗ ಲಿಯೊನಾರ್ಡೊ ಡ ವಿಂಚಿ ಅಲ್ಲೇ ಚಿತ್ರ ಬರೆದ, ಅಂಗಿ ಟೋಪಿಯ ಬಣ್ಣ ಪಕ್ಕದಲ್ಲಿ ಗುರುತು ಹಾಕಿಕೊಂಡು.

ಪ್ರದೀಪಣ್ಣ: ಇದಿಷ್ಟನ್ನು ಬಿಟ್ಟರಾ? ನನ್ನದು 3ಕ್ಕೆ ಇಳಿಸಿ.

ಕಾರ್ತಿಕ್: ನಮ್ಮ ದೇಶದಲ್ಲಿ ಇಂಥ ಬ್ಯಾಂಕ್ ಮನೆತನ ಇರಲಿಲ್ಲವಾ?

ವಿಜಯಾ ಅತ್ತೆ: ಮುರ್ಶಿದಾಬಾದಿನ ಜಗತ್ ಸೇಠರು. 1757ರಲ್ಲಿ ಪ್ಲಾಸಿಗೆ ಮುಂಚೆ ಸಿರಾಜುದ್ದೌಲನ ವಿರುದ್ಧದ ಸಂಚಿನಲ್ಲಿ ಸೇರಿದರು. 1763ರಲ್ಲಿ ನವಾಬ ಮೀರ್ ಕಾಸಿಮ್ ಅವರಲ್ಲಿ ಇಬ್ಬರನ್ನು ಕೊಲ್ಲಿಸಿದ. ಅದನ್ನು ಇನ್ನೊಂದು ದಿನ ಹೇಳುತ್ತೇನೆ, ಕುಕ್ಕರ್ ಕೂಗಿತು.

ಮೇಘನಾ: ಎಲ್ಲರೂ ಏನಾದರೂ ಹೇಳಿ, ನನ್ನದು ಈಗಲೂ 5. ಈ ಪುಸ್ತಕ ಇಲ್ಲದಿದ್ದರೆ ನೀವ್ಯಾರೂ ಇವತ್ತು ಇಮೊಲಾ ಬಗ್ಗೆ ಮಾತಾಡುತ್ತಿರಲಿಲ್ಲ. ಚಿಕ್ಕಪ್ಪ, ಪುಸ್ತಕ ನಾಳೆ ದೊಡ್ಡಮ್ಮನಿಗೆ ವಾಪಸ್ ಕೊಡಿ. ಅವರಿಗೆ ಕೊನೆಯ ನೂರು ಪುಟ ಬಾಕಿ ಇದೆ.

ಶ್ರೀಧರ ಚಿಕ್ಕಪ್ಪ: ಕೊಡುತ್ತೇನೆ. ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.

ಮೇಘನಾ: ತಿದ್ದಿದ್ದೇನೆ ಅಂದರೆ?? ಪೆನ್ಸಿಲಿನಲ್ಲಿ ತಾನೇ?

ಶ್ರೀಧರ ಚಿಕ್ಕಪ್ಪ: ಹಸಿರು ಇಂಕು.

ಮೇಘನಾ: ಚಿಕ್ಕಪ್ಪಾ!!! ಅದು ಗಟ್ಟಿ ರಟ್ಟಿನ ಪ್ರತಿ!

ಶಾರದಾ ದೊಡ್ಡಮ್ಮ: ನೀನು ಸುಮ್ಮನಿರು ಪುಟ್ಟಿ. ಶ್ರೀಧರಾ, ಅಕ್ಷರ ದೊಡ್ಡದಾಗಿ ಬರೆದಿದ್ದೀಯಾ? ನನ್ನ ಕನ್ನಡಕ ರಿಪೇರಿಗೆ ಹೋಗಿದೆ.